ಕೊಂಡಿ ಕೊಯ್ದ ಸೋದರಮಾವ

ನಮ್ಮ ಸೋದರಮಾವನ ಎದುರು ಯಾವುದನ್ನೂ ಇಡಿಯಾಗಿ ಇಡಬೇಡಿ, ಕೊಯ್ದುಬಿಡುತ್ತಾರೆ! ಹೊಳಲ್ಕೆರೆಯ ಅವರ ಮನೆಯಲ್ಲಿ ಲಾಡು ಕೈಗೆ ಬಂದರೆ ಮೊದಲು ಚಾಕು. ಒಂದು ಬಿಲ್ಲೆಯಲ್ಲಿ ಎಷ್ಟು ದ್ರಾಕ್ಷಿ ಕಂಡವು, ಇಡೀ ಲಾಡಿನಲ್ಲಿ ಎಷ್ಟಿರಬಹುದು ಅಂತ ಲೆಕ್ಕ. ಅಷ್ಟರಲ್ಲಿ ಮಿಕ್ಕ ಲಾಡು ಇರುವೆ ಪಾಲು!

"ಸುಮ್ನೆ ತಿನ್ರಿ, ಅದೇನು ಪರೀಕ್ಷೆನಾ?" ಅಂತ ಅತ್ತೆ ಗೊಣಗಿದರೆ, "ಒಂದು ಬಿಲ್ಲೆ ನೋಡಿ ನಂಬಬ್ಯಾಡ ಕಣೆ, ಒಳಗೆ ಬ್ಯಾರೇನೇ ಇರ್ತೈತೆ" ಅನ್ನುತ್ತಾರೆ.

ತಪ್ಪು ಅವರದಲ್ಲ, ಕಸುಬಿನದು. ಕಾಲೇಜಿನಲ್ಲಿ ಲೋಹಶಾಸ್ತ್ರದ ಪಾಠ ಹೇಳಿ ನಿವೃತ್ತರಾದವರು. ಮಿಶ್ರಲೋಹದ ತುಂಡನ್ನು ಒಂಚೂರು ಉಜ್ಜುವುದು, ಸೂಕ್ಷ್ಮದರ್ಶಕದಲ್ಲಿ ಫೋಟೋ ತೆಗೆಯುವುದು, ಮತ್ತೆ ಉಜ್ಜುವುದು, ಮತ್ತೆ ಫೋಟೋ. ನೂರಾರು ಫೋಟೋಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದರೆ ಲೋಹದ ಒಳಗು ಮೂರು ಆಯಾಮದಲ್ಲಿ ಎದ್ದು ನಿಲ್ಲುತ್ತದಂತೆ. ಅದರ ಲಕ್ಷಣ ಹಿಡಿದು, ಅದೇ ಎರಕದ ಬೇರೆ ತುಂಡುಗಳ ಒಳಗೆ ಏನಿರಬಹುದು ಅಂತ ಕಂಪ್ಯೂಟರು ನೂರು ಸಲ ಊಹಿಸುತ್ತದೆ. ನಿವೃತ್ತರಾದ ಮೇಲೆ ಈ ಸರಂಜಾಮೆಲ್ಲ ಮನೆಗೇ ಬಂತು, ಅತ್ತೆಯ ಹೊಲಿಗೆ ಮೇಜು ಅದರಡಿ ಮಾಯ!

ನನ್ನ ಕೆಲಸ ಚಿತ್ರದುರ್ಗದ ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನುಗಳ ರಿಪೇರಿ. ಕಂಬದೊಳಗಿನ ಏಣಿ ಹತ್ತುವಾಗ ಸೊಂಟಕ್ಕೆ ಅಲ್ಯೂಮಿನಿಯಂ ಮಿಶ್ರಲೋಹದ ಕೊಂಡಿ. ಕಾಲು ಜಾರಿದರೆ ಆ ಕೊಂಡಿಯೇ ಏಣಿಯ ಕಂಬಿಯನ್ನು ಕಚ್ಚಿ ಹಿಡಿಯಬೇಕು. ನನ್ನದರ ಜೊತೆಗೇ ಎರಕ ಹೊಯ್ದ ಇನ್ನೊಂದು ಕೊಂಡಿ ಸ್ಪ್ರಿಂಗ್ ಹೋಗಿ ಮೂಲೆ ಸೇರಿತ್ತು. ಮಾವನಿಗೆ ಹೊತ್ತು ಹೋಗಲಿ ಅಂತ ಕೊಟ್ಟೆ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡೆ!

ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ನಾನು ಕಂಬದ ಬಾಗಿಲಲ್ಲಿ ಬೆಲ್ಟು ಬಿಗಿಯುತ್ತಿದ್ದಾಗ ಮಾವ ಆಟೋದಿಂದ ಇಳಿದರು. ಹೆಗಲಿಗೆ ಚೀಲ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಹತ್ತಬ್ಯಾಡಲೇ! ನೀ ಕೊಟ್ಟ ಕೊಂಡಿ ಉಜ್ಜಿ ಫೋಟೋ ಪೇರಿಸಿದೆ. ಒಂದೊಂದು ಬಿಲ್ಲೆಯಾಗೆ ಬಿಡಿ ಬಿಡಿಯಾಗಿ ಕಂಡ ತೂತು, ಒಳಗೆ ಒಂದಕ್ಕೊಂದು ಸೇರ್ಕಂಡವೆ. ಕೊಂಡಿ ಕುತ್ತಿಗೆಯಾಗೆ ಸುರಂಗ ಆಗೈತೆ!"

ನಮ್ಮ ಎಂಜಿನಿಯರು ಮುಂದೆ ಬಂದರು. "ಅದು ಆ ಕೊಂಡಿ ಕಥೆ. ಇವನ್ದರಾಗೆ?"

"ನೂರಕ್ಕೆ ತೊಂಬತ್ತಾರು ಸಲ ಏನೂ ಇರಲ್ಲ ಅಂತೈತೆ ಲೆಕ್ಕ."

"ಮತ್ತಿನ್ನೇನ್ರಿ ಯಜಮಾನ್ರೇ, ಡಿಸ್ಟಿಂಕ್ಷನ್ನು! ಹತ್ತಪ್ಪ ನೀನು."

ನಿಂತ ಫ್ಯಾನಿಗಾಗಿ ಅವರಿಗೂ ಮೇಲಧಿಕಾರಿಗಳಿಂದ ಫೋನಿನ ಮೇಲೆ ಫೋನು, ಪಾಪ. ನಾನು ಮಾವನನ್ನು ನೋಡಿದೆ. ಜೀವಮಾನವಿಡೀ ಅಂಕಿ ನಂಬಿದ ಮನುಷ್ಯ. ಅಂಕಿ ನನ್ನ ಪರವಾಗಿಯೇ ಇದೆ. ಆದರೂ ನನ್ನ ಬೆಲ್ಟು ಬಿಡುತ್ತಿಲ್ಲ! ನನಗೂ ಹೆದರಿಕೆಯೇ, ಸುಳ್ಳೇಕೆ? ಆದರೆ ಕೆಲಸ ಬಿಟ್ಟು ಹೋಗುವುದೆಲ್ಲಿಗೆ? ಏಣಿಯ ಮೇಲೆ ಕಾಲಿಟ್ಟೆ.

"ಒಂದ್ಸಲ ಕೊಂಡಿ ಕೊಡು, ನೋಡಿ ಕೊಡ್ತೀನಿ" ಅಂದರು ಮಾವ. ಬಿಚ್ಚಿ ಕೊಟ್ಟೆ. ತೆಗೆದುಕೊಂಡು ಕಂಬದ ಬಾಗಿಲ ಮೆಟ್ಟಿಲ ಮೇಲೆ ಕುಂತರು.

ಎಂಜಿನಿಯರು ಫೋನಿನಲ್ಲಿ "ಹತ್ತಿದ ಸಾರ್, ಹತ್ತಿದ" ಅನ್ನುತ್ತಿದ್ದಾಗ ಕರಕರ ಸದ್ದು. ಚೀಲದಿಂದ ಗರಗಸ ಹೊರಬಂದಿತ್ತು! ಎಂಜಿನಿಯರು ಓಡಿ ಬರುವಷ್ಟರಲ್ಲಿ ಕೊಂಡಿ ಸರಿಯಾಗಿ ಕುತ್ತಿಗೆಗೆ ಎರಡು ಹೋಳು.

"ಕಂಪನಿ ಸಾಮಾನು ಕಣ್ರೀ! ತಲೆಗಿಲೆ ಕೆಟ್ಟೈತಾ?"

"ಕೊಯ್ಯದೆ ಹೆಂಗ್ ಗೊತ್ತಾಗ್ತೈತ್ರಿ?" ಅಂದವರೇ ಎಮರಿ ಪೇಪರಿನಿಂದ ಉಜ್ಜತೊಡಗಿದರು. ಭೂತಗನ್ನಡಿ ಹಿಡಿದು ನೋಡಿದರು. ಮತ್ತೆ ಉಜ್ಜಿದರು. ಮತ್ತೆ ನೋಡಿದರು.

ಕೊನೆಗೆ ಎಂಜಿನಿಯರೇ ಭೂತಗನ್ನಡಿ ಕಿತ್ತುಕೊಂಡು ಬಗ್ಗಿದರು. "ಎಲ್ರೀ ಸುರಂಗ? ಒಂದು ತೂತೂ ಇಲ್ಲ! ಚೆನ್ನಾಗಿದ್ದುದನ್ನ ಸುಮ್‌ಸುಮ್ನೆ ಹಾಳು ಮಾಡಿದ್ರಲ್ರಿ!"

ನಾನು ನಾಚಿಕೆಯಿಂದ ನೆಲ ನೋಡಿದೆ. ಮಾವ ಮಾತ್ರ ಆ ಹೋಳನ್ನು ಕಣ್ಣಿಗೊತ್ತಿಕೊಂಡು ಗಳಗಳ ಅಳುತ್ತಿದ್ದರು. ಪಕ್ಕದಲ್ಲಿ ಕೂತು, "ಹೋಗ್ಲಿ ಬಿಡ್ರಿ ಮಾವ, ಎಲ್ರೂ ಒಂದೊಂದ್ಸಲ ತಪ್ತಾರೆ" ಅಂದೆ.

ಅವರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಇದರಾಗೆ ಏನೂ ಸಿಗದೇ ಇರ್ಲಪ್ಪಾ ಅಂತ ದೇವ್ರಿಗೆ ಮುಡಿಪು ಕಟ್ಟಿ ಬಂದಿದ್ದೆ ಕಣಲೇ."