ಹಾಲು ಬಿಟ್ಟ ಅಳಿಯ

ಏನನ್ನಾದರೂ ಬಿಡುವುದು ಅಂಥ ಕಷ್ಟವಲ್ಲ. ಬಿಟ್ಟೆನೆಂದು ನಾಲ್ಕು ಜನರಿಗೆ ಹೇಳದೆ ಇರುವುದು ಕಷ್ಟ. ಎಪ್ಪತ್ತರ ದಶಕದಲ್ಲಿ ವಿಜಾಪುರದಲ್ಲಿ ಶಾಲಾ ಮಾಸ್ತರನಾಗಿದ್ದ ನಾನು ಹಾಲು, ಮೊಸರು, ಬೆಣ್ಣೆ, ತುಪ್ಪ ಎಲ್ಲವನ್ನೂ ಒಂದೇ ಏಟಿಗೆ ಬಿಟ್ಟೆ. ಮಾಂಸ, ಮೊಟ್ಟೆ ನಮ್ಮ ಮನೆಯಲ್ಲಿ ಮೊದಲೇ ಇರಲಿಲ್ಲವಾದ್ದರಿಂದ ಬಿಡಲು ನನ್ನ ಪಾಲಿಗೆ ಉಳಿದಿದ್ದೇ ಇಷ್ಟು. ಅದಕ್ಕೆ ಕಾರಣ ತಿಕೋಟಾದ ಒಂದು ಎಮ್ಮೆಗರು. ನನ್ನ ಜೊತೆಯ ಖಾಸೀಂ ಮಾಸ್ತರರು ಆ ಊರಿನ ತಮ್ಮ ಮನೆಗೆ ನನ್ನನ್ನು ಕರೆದೊಯ್ದಿದ್ದರು. ನನ್ನ ಚಹಾಕ್ಕಾಗಿ ಆ ಕರುವನ್ನು ಕೆಚ್ಚಲಿನಿಂದ ಎಳೆದು ಗೂಟಕ್ಕೆ ಕಟ್ಟಿದರು. ಅದು ನೊರೆಬಾಯಿಯಲ್ಲೇ ನನ್ನನ್ನು ದಿಟ್ಟಿಸಿ ನೋಡಿತು. ಇನ್ನು ಮೇಲೆ ಹಾಲು ಮುಟ್ಟುವುದಿಲ್ಲ ಎಂದುಬಿಟ್ಟೆ. ಖಾಸೀಂ ಮಾಸ್ತರರು ನಕ್ಕು, "ಕರಕ್ಕ ಬಿಟ್ಟ ಹಿಂಡತೀವ್ರಿ ಸರ. ನಿಮ್ಮ ಒಂದ ಕಪ್ ಚಾಕ್ಕ ಅದೇನ ಉಪಾಸ ಬೀಳಂಗಿಲ್ಲ" ಎಂದರು. ನಾನು ಕೇಳಲಿಲ್ಲ.

"ಮಜ್ಜಿಗಿ ಇಲ್ದ ರೊಟ್ಟಿ ಹೆಂಗ ಇಳೀತಾವ್ರಿ?" ಎಂದು ಹೆಂಡತಿ ಗೌರಿ ಗಾಬರಿಯಾದಳು. ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ಮೇಲೊಂದಿಷ್ಟು ಕುಸುಬಿ ಎಣ್ಣೆ ಸೇರಿ ರೊಟ್ಟಿಯನ್ನು ಸರಾಗವಾಗಿ ಇಳಿಸಿದವು. ತೊಂದರೆಯಾದದ್ದು ಬಬಲೇಶ್ವರದಲ್ಲಿ, ಅತ್ತೆಯ ಮನೆಯಲ್ಲಿ. ಅತ್ತೆ ಹಾಲು ಹಾಕಿ ಗೋಧಿ ಹುಗ್ಗಿ ಮಾಡಿದ್ದರು. ಮೇಲೆ ತುಪ್ಪ ಸುರಿಯಲು ಬಂದಾಗ ನಾನು ತಾಟಿಗೆ ಕೈ ಅಡ್ಡ ಹಿಡಿದು, ಕರುವಿನ ಕಥೆಯಿಂದ ಹಿಡಿದು ಜೀವದಯೆಯವರೆಗೆ ಪಾಠವನ್ನೇ ಮಾಡಿದೆ. ಅತ್ತೆ ತುಪ್ಪದ ಬಟ್ಟಲು ಹಿಡಿದುಕೊಂಡು ಒಳಗೆ ಹೋದರು.

"ಅಳಿಯಾ ಬರ್ತಾನಂತ ಯವ್ವ ಎಂಟ ದಿನದಿಂದ ಬೆಣ್ಣಿ ಕೂಡಿಟ್ಟಾಳ. ನೀವ್ ನೋಡಿದ್ರ ಭಾಷಣಾ ಮಾಡಾಕತ್ತೀರಿ!" ಎಂದು ಗೌರಿ ಪಿಸುಗುಟ್ಟಿದಳು. ಅವಳ ಕಣ್ಣು ತುಂಬಿತ್ತು. ಒಂದು ಜೀವಕ್ಕೆ ಮರುಗಲು ಹೋಗಿ ಎರಡು ಜೀವ ನೋಯಿಸಿದೆನಲ್ಲ ಎಂದು ನನಗೆ ರೊಟ್ಟಿಯೂ ಇಳಿಯದಾಯಿತು.

ಮರುದಿನ ಬೆಳಿಗ್ಗೆ ಒರಳಿನ ಸದ್ದು ಕೇಳಿ ಎದ್ದೆ. ಅತ್ತೆ ನೆನೆಸಿದ ಕುಸುಬಿಯನ್ನು ರುಬ್ಬಿ, ಬಟ್ಟೆಯಲ್ಲಿ ಹಾಕಿ ಹಿಂಡುತ್ತಿದ್ದರು. ಪಾತ್ರೆಯಲ್ಲಿ ಬೆಳ್ಳನೆಯ ಹಾಲು.

"ಇದು ಕುಸುಬಿ ಹಾಲ್ರಿ. ಎಮ್ಮಿ ಬತ್ತಿದಾಗ ಇದರಾಗನ ಹುಗ್ಗಿ ಮಾಡ್ಕೊಂಡ ಉಂಡೀವಿ. ಆಗ ಯಾರೂ ಇದಕ್ಕ ವ್ರತಾ ಅನ್ನಲಿಲ್ಲ. ಮೊದಲ ಒಂದ ಕಾರ್ಡ್ ಬರ್ದ ಹಾಕಿದ್ರ ನಿನ್ನಿ ದಿನಾನ ಇದನ್ನ ಮಾಡ್ತಿದ್ನೆಲ್ರಿ!"

ಆ ಹುಗ್ಗಿಯನ್ನು ಮೂರು ಸಲ ಬಡಿಸಿಕೊಂಡೆ. ಅತ್ತೆಯ ಮುಖ ಅರಳಿತು. ಹೊರಡುವಾಗ ಚೀಲ ತುಂಬ ಕುಸುಬಿ ಕಟ್ಟಿಕೊಟ್ಟರು. ಲೋಕವೆಲ್ಲ ಹೀಗೆ ಬದುಕಬಹುದಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೌರಿಗೆ ಹೇಳಿದೆ. ಅವಳು ಹೂಂಗುಟ್ಟಿದಳು.

ಮನೆಗೆ ಬಂದ ಮೊದಲ ಭಾನುವಾರ ಅವಳು ನೆನೆಸಿದ ಕುಸುಬಿಯನ್ನು ನನ್ನ ಮುಂದಿಟ್ಟಳು. "ವ್ರತಾ ನಿಮ್ದು, ರುಬ್ಬೂದೂ ನಿಮ್ದ."

ಅರ್ಧ ತಾಸಿನಲ್ಲಿ ತೋಳು ಬಿದ್ದುಹೋಯಿತು. ಇಷ್ಟು ವರ್ಷ ನಾನು ಉಂಡದ್ದರ ಹಿಂದೆ ಯಾರ ತೋಳುಗಳಿದ್ದವೆಂದು ಅಂದೇ ತಿಳಿದದ್ದು. ಅಂದಿನಿಂದ ಪ್ರತಿ ಭಾನುವಾರ ನಾನೇ ರುಬ್ಬುತ್ತೇನೆ. ಗೌರಿ ಹೊಸ್ತಿಲ ಮೇಲೆ ಕಾಲು ಚಾಚಿ ಕುಳಿತು, "ಇನ್ನೊಂಚೂರು ಸಣ್ಣಗ ರುಬ್ರಿ" ಎನ್ನುತ್ತಾಳೆ. ದಯೆಯ ಬಗ್ಗೆ ಭಾಷಣ ಮಾಡಲು ನನಗೀಗ ಉಸಿರೇ ಉಳಿಯುವುದಿಲ್ಲ.