ತಿಪ್ಪೇಸ್ವಾಮಿಯವರ ಅಂತರ್ಯಾಮಿ ಸಾಕೆಟ್

"ಇಗೋ ನೋಡವ್ವ ನಾಗೂ, ಇನ್ಮೇಲೆ ಆರು ಆಂಪೇರು, ಹದಿನಾರು ಆಂಪೇರು ಅನ್ನೋ ಭೇದನೇ ಇಲ್ಲ!" ಎಂದು ತಿಪ್ಪೇಸ್ವಾಮಿ ಗೋಡೆಯ ಮೇಲಿನ ಬಿಳಿ ಪೆಟ್ಟಿಗೆಯನ್ನು ಮೊಮ್ಮಗುವಿನ ಕೆನ್ನೆಯಂತೆ ಸವರಿದರು.

ನಾಗವೇಣಿಗೆ ಆ ಭೇದ ಇದ್ದದ್ದೇ ಚೆನ್ನಾಗಿತ್ತು. ಚಿತ್ರದುರ್ಗದ ಬಸ್ ನಿಲ್ದಾಣದ ಹಿಂದೆ, ಮಹಡಿಯ ಮೇಲೆ ಪುಟ್ಟ ಕೋಣೆ ಹಿಡಿದು ಅವಳು ಹಲ್ಲಿನ ಲ್ಯಾಬ್ ತೆರೆದಿದ್ದಳು. ಡಾಕ್ಟರುಗಳು ಕಳಿಸುವ ಅಚ್ಚು ನೋಡಿ ಪಿಂಗಾಣಿ ಹಲ್ಲು ಮಾಡಿಕೊಡುವುದು ಅವಳ ಕಸುಬು. ವೈರಿಂಗಿಗೆ ಬಂದಿದ್ದ ಮುಸ್ತಫಾ ಎರಡೇ ಮಾತಿನಲ್ಲಿ ಹೇಳಿ ಮುಗಿಸಿದ್ದ: "ಮೇಡಂ, ಹಲ್ಲು ಸುಡೋ ಕುಲುಮೆಗೊಂದು, ನೀರು ಕಾಯ್ಸೋ ಕೆಟ್ಲಿಗೊಂದು ಹದಿನಾರು ಆಂಪೇರಿಂದು ಹಾಕ್ತೀನಿ, ದಪ್ಪ ವೈರು ಬೇರೆ ಬೇರೆ ಎಳೀತೀನಿ. ಫ್ಯಾನು, ಫೋನು, ಕಂಪ್ಯೂಟರಿಗೆಲ್ಲ ಆರರದು ಸಾಕು."

ಅಷ್ಟರಲ್ಲಿ ಅವಳ ಸೋದರಮಾವ ಅಡ್ಡ ಬಂದರು. ತಿಪ್ಪೇಸ್ವಾಮಿ ಪಾಲಿಟೆಕ್ನಿಕ್‌ನಿಂದ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಅವರ ಕೈ ಒಂದು ಗಳಿಗೆಯೂ ಸುಮ್ಮನಿರಲಿಲ್ಲ.

"ಇವತ್ತು ಕುಲುಮೆ ಈ ಮೂಲೆಗಿರ್ತದೆ, ನಾಳೆ ಆ ಮೂಲೆಗೆ ಹೋಗ್ತದೆ. ಟೇಬಲ್ ಸರಿಸಿದಾಗೆಲ್ಲ ಗೋಡೆ ಒಡೀತಿಯೇನಪ್ಪಾ? ನನ್ನ ಅಂತರ್ಯಾಮಿ ಸಾಕೆಟ್ಟಿಗೆ ಯಾವ ಪಿನ್ನಾದ್ರೂ ಚುಚ್ಚು. ಯಾರಿಗೆ ಎಷ್ಟು ಹಸಿವು ಅಂತ ಅದೇ ತಿಳ್ಕಂತದೆ!"

ತಿಳಿದುಕೊಂಡಿತು ಕೂಡ! ಫೋನಿನ ಪಿನ್ ಹತ್ತಿರ ತಂದರೆ ತೂತುಗಳು ಟಕ್ಕೆಂದು ಕಿರಿದಾದವು. ಕುಲುಮೆಯ ದಪ್ಪ ಪಿನ್ ತೋರಿಸಿದರೆ ಟಕ್ಕೆಂದು ಹಿಗ್ಗಿದವು. ಮುಸ್ತಫಾ ತಲೆ ಕೆರೆದುಕೊಂಡು, "ಏನೋಪ್ಪ, ನಾನಂತೂ ಕೈ ಹಾಕಲ್ಲ" ಎಂದು ಸ್ಕ್ರೂಡ್ರೈವರ್ ಜೇಬಿಗಿಟ್ಟ. ಕೋಣೆಯ ನಾಲ್ಕೂ ಗೋಡೆಗೆ ಒಂದೊಂದು ಅಂತರ್ಯಾಮಿ ಕೂತಿತು.

ಒಂದು ವಾರ ಎಲ್ಲ ಸುಸೂತ್ರ. ಎಂಟನೇ ದಿನ ನಾಗವೇಣಿಯ ಹಳೇ ಫೋನು ಕಣ್ಣು ಮಿಟುಕಿಸುವಷ್ಟರಲ್ಲಿ ಪೂರ್ತಿ ಚಾರ್ಜಾಯಿತು. ಒಂಬತ್ತನೇ ದಿನ ಪರದೆಯ ಮೇಲೆ ಮುನ್ನೂರ ನಲವತ್ತು ಪರ್ಸೆಂಟ್ ಎಂದು ಬಂತು! ಆಗಲೇ ಅವಳ ಅಮ್ಮ ಫೋನ್ ಮಾಡಿ "ಊಟ ಆಯ್ತೇನೇ?" ಎಂದದ್ದಕ್ಕೆ ಕಿಟಕಿಯ ಗಾಜು ಗಡಗಡ ನಡುಗಿತು. ಕೆಳಗೆ ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರು "ಇನ್ನೂ ಇಲ್ಲಮ್ಮ" ಎಂದು ಉತ್ತರ ಕೊಟ್ಟ.

ನಾಗವೇಣಿ ನಗುತ್ತ ಕುಲುಮೆಯ ಕಡೆ ತಿರುಗಿದವಳು ಹಾಗೇ ನಿಂತಳು. ಒಂಬೈನೂರು ಡಿಗ್ರಿ ಏರಬೇಕಾದ ಕುಲುಮೆ ಮುನ್ನೂರರ ಹತ್ತಿರ ತೂಕಡಿಸುತ್ತಿತ್ತು. ಒಳಗಿದ್ದದ್ದು ಚಂದ್ರಮೌಳಿ ಮೇಷ್ಟ್ರ ಮೂರು ಮುಂಬಲ್ಲು.

ಕರೆದಂತೆ ಮೇಷ್ಟ್ರೇ ಮೆಟ್ಟಿಲೇರಿ ಬಂದರು. "ಏನಮ್ಮಾ, ಫಿದ್ಧವಾಯ್ತಾ? ಆರು ಗಂಟೆಗೆ ಫಭೆ! ಫಾಹಿತ್ಯದ ಫಭೆ! ನಾನೇ ಅಧ್ಯಕ್ಫ!"

ನಾಗವೇಣಿ ಗಡಿಯಾರ ನೋಡಿದಳು. ಗಂಟೆ ಮೂರಾಗಿತ್ತು. ಕೆಳಗಿನ ಮಹಡಿಯ ಹಲ್ಲಿನ ಡಾಕ್ಟರು ಐದಕ್ಕೆ ಹಲ್ಲು ಕೂರಿಸಬೇಕು. ಹೊಸ ಲ್ಯಾಬಿನ ಮೊದಲ ದೊಡ್ಡ ಕೆಲಸ ಅದು, ಇಡೀ ಊರು ಆ ಬಾಯನ್ನೇ ನೋಡಲಿತ್ತು. ಮುಸ್ತಫಾನಿಗೆ ಫೋನಾಯಿಸಿದರೆ, "ಇಡೀ ವೈರಿಂಗ್ ಬಿಚ್ಬೇಕು ಮೇಡಂ, ನಾಳೆ ಬರ್ತೀನಿ" ಎಂದ. ಓಡಿ ಬಂದ ತಿಪ್ಪೇಸ್ವಾಮಿ ಸಾಕೆಟ್ಟಿಗೆ ಕಿವಿಯಿಟ್ಟು ಕೇಳಿದರು.

"ಗೊತ್ತಾಯ್ತು ಬಿಡು! ಯಾರು ಪದೇ ಪದೇ ಬಂದು ಕೇಳ್ತಾರೋ ಅವರಿಗೇ ಹಸಿವು ಜಾಸ್ತಿ ಅಂತ ಇದು ಕಲ್ತುಬಿಟ್ಟೈತೆ. ನಿನ್ನ ಫೋನು ದಿನಕ್ಕೆ ಇಪ್ಪತ್ತು ಸಲ ಬರ್ತದೆ. ಕುಲುಮೆ ಬೆಳಗ್ಗೆ ಒಂದ್ಸಲ ಚುಚ್ಚಿದ್ರೆ ಸಂಜೆವರೆಗೂ ಗಪ್‌ಚುಪ್. ಅದಕ್ಕೇನೂ ಬೇಕಿಲ್ಲ ಅಂತ ಆರಕ್ಕಿಳಿಸೈತೆ."

"ಮಾವ, ಇದೆಲ್ಲೋ ಸರ್ಕಾರಿ ಆಫೀಸಿಗೆ ಅಲೆದು ಕಲ್ತುಬಂದಂಗಿದೆ!"

"ಬೈಬ್ಯಾಡ. ಕುಲುಮೆಯ ಪಿನ್ ಕಿತ್ತು ಕಿತ್ತು ಚುಚ್ಚಿದ್ರಾಯ್ತು. ಒಂದು ನೂರು ಸಲ."

ಮೇಷ್ಟ್ರು ತೋಳು ಮಡಚಿದರು. "ಮೂವತ್ತೆಂಟು ವರ್ಫ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟೋನು ನಾನು! ನೂರು ಯಾವ ಲೆಕ್ಕ?"

ಹಲಗೆಯ ಮುಂದೆ ನಿಂತಂತೆ ನೆಟ್ಟಗೆ ನಿಂತು, ಕೀಳುತ್ತ, ಚುಚ್ಚುತ್ತ, ಎಣಿಸತೊಡಗಿದರು. ನಲವತ್ತಕ್ಕೆ ಕುಲುಮೆ ಗುಂಯ್‌ಗುಟ್ಟಿತು. ಎಪ್ಪತ್ತಕ್ಕೆ ಸಾಕೆಟ್ ಹದಿನಾರು ಆಂಪೇರಿಗೆ ಬಂತು.

"ಸಾಕು ಮೇಷ್ಟ್ರೇ! ಬಿಡಿ!" ಎಂದು ನಾಗವೇಣಿ ಕೂಗಿದಳು.

"ನೂರು ಅಂದ ಮೇಲೆ ನೂರು!"

ತೊಂಬತ್ತಕ್ಕೆ ತೂತುಗಳು ಕೋಡುಬಳೆಯಷ್ಟಾದವು. ನೂರಕ್ಕೆ ಪಿನ್ನು ಮೇಷ್ಟ್ರ ಕೈಜಾರಿ ಗೋಡೆಯೊಳಕ್ಕೇ ಬಿತ್ತು! ಅದರ ಹಿಂದೆ ವೈರು ಶಾವಿಗೆಯಂತೆ ಸುರ್ರೆಂದು ಒಳಗೆ ಹೋಯಿತು. ವೈರಿನ ಹಿಂದೆ ಕುಲುಮೆ ಟೇಬಲ್ಲಿನ ಮೇಲೆ ಜಾರುತ್ತ ಹೋಗಿ ಗೋಡೆಗೆ ಅಂಟಿಕೊಂಡಿತು. ಬೀದಿಯ ಅಂಗಡಿಗಳ ಫ್ಯಾನುಗಳು ಒಂದೊಂದೇ ನಿಂತವು. ಬಸ್ ನಿಲ್ದಾಣದ ಧ್ವನಿವರ್ಧಕ "ಹೊಸದುರ್ಗಕ್ಕೆ ಹೋಗುವ..." ಎಂದು ಆಕಳಿಸಿ ಸುಮ್ಮನಾಯಿತು. ಊರಿನ ಕರೆಂಟೆಲ್ಲ ಆ ಒಂದು ಕುಲುಮೆಗೆ ಹರಿದು, ಅದು ಹುಣ್ಣಿಮೆಯ ಚಂದ್ರನಂತೆ ಬೆಳಗಿ, "ಟಿಂಗ್" ಎಂದಿತು.

ತಿಪ್ಪೇಸ್ವಾಮಿ ಮೇನ್ ಸ್ವಿಚ್ ಎಳೆದರು.

ನಾಗವೇಣಿ ಕುಲುಮೆಯ ಬಾಗಿಲು ತೆಗೆದಳು. ಮೂರು ಹಲ್ಲು! ಒಂದು ಬಿರುಕಿಲ್ಲ, ಬಣ್ಣ ಹದವಾಗಿ ಕೂತಿದೆ. ಅವಳಿಗೆ ಅಳುವಷ್ಟು ಸಂತೋಷವಾಯಿತು. ಸ್ವಲ್ಪ ಹೊಳಪು ಹೆಚ್ಚಾಯಿತೇನೋ ಅನ್ನಿಸಿತು, ಆದರೆ ಈಗ ಯೋಚಿಸುವಷ್ಟು ಪುರುಸೊತ್ತು ಯಾರಿಗಿತ್ತು?

ಐದಕ್ಕೆ ಡಾಕ್ಟರು ಹಲ್ಲು ಕೂರಿಸಿದರು, ಆರಾದರೂ ಕರೆಂಟು ಬರಲಿಲ್ಲ. ಕಿಟಕಿ ಮುಚ್ಚಿದ ಸಭಾಂಗಣದಲ್ಲಿ ಜನ ತಡಕಾಡುತ್ತ ಕೂತಿದ್ದರು. ಮೇಷ್ಟ್ರು ಎದ್ದು ನಿಂತು, "ಸಾಹಿತ್ಯಾಸಕ್ತ ಸಭಿಕರೇ!" ಎಂದು ಬಾಯಿ ತೆರೆದರು. ಸಕಾರ ಸ್ವಚ್ಛವಾಗಿ ಬಂತು. ಬೆಳಕೂ ಬಂತು! ಮುಂದಿನ ನಾಲ್ಕು ಸಾಲು ಬೆಳದಿಂಗಳಂತೆ ಕಾಣಿಸಿತು. ಮೇಷ್ಟ್ರು ಉಸಿರೆಳೆದುಕೊಳ್ಳಲು ಬಾಯಿ ಮುಚ್ಚಿದರೆ ಮತ್ತೆ ಗವ್ವೆನ್ನುವ ಕತ್ತಲು. ಒಂದೂವರೆ ಗಂಟೆ ಮಾತಾಡಿ "ನನ್ನೆರಡು ಮಾತು ಮುಗಿಸುತ್ತೇನೆ" ಎಂದಾಗ ಸಭೆಗೆ ಸಭೆಯೇ ಕೂಗಿಕೊಂಡಿತು: "ಬ್ಯಾಡಿ ಮೇಷ್ಟ್ರೇ, ಇನ್ನೊಂದೀಟು ಮಾತಾಡಿ! ಚಪ್ಪಲಿ ಹುಡುಕ್ತಿದೀವಿ!"

ಹಿಂದಿನ ಸಾಲಿನಲ್ಲಿ ಕೂತಿದ್ದ ನಾಗವೇಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮರುದಿನ ಮುಸ್ತಫಾ ಎರಡು ಹದಿನಾರರದು, ನಾಲ್ಕು ಆರರದು ಸಾಕೆಟ್ ತಂದು, ಯಾರನ್ನೂ ಏನೂ ಕೇಳದೆ ಕೂರಿಸತೊಡಗಿದ. ತಿಪ್ಪೇಸ್ವಾಮಿ ಬೆನ್ನು ತಿರುಗಿಸಿ ಕಿಟಕಿಯಾಚೆ ನೋಡುತ್ತ ನಿಂತಿದ್ದರು. ಆಗ ಮೇಷ್ಟ್ರ ಹೆಂಡತಿ ನಿದ್ದೆಗೆಟ್ಟ ಕಣ್ಣುಜ್ಜುತ್ತ ಒಳಗೆ ಬಂದರು.

"ನಿಮ್ಮೆಜಮಾನ್ರ ಹಲ್ಲು ಹೆಂಗಿದೆ ಅಮ್ಮ?" ಎಂದು ನಾಗವೇಣಿ ಹೆದರುತ್ತ ಕೇಳಿದಳು.

"ಹಲ್ಲೇನೋ ಚೆನ್ನಾಗೈತೆ ಕಣವ್ವ" ಎಂದರು ಆಕೆ. "ಆದ್ರೆ ಅವರು ಬಾಯಿ ತಕ್ಕೊಂಡೇ ಮಲಗ್ತಾರೆ. ಅದಕ್ಕೊಂದು ಸ್ವಿಚ್ಚು ಇಟ್ಕೊಡಾಕೆ ಆಗ್ತದಾ?"