ಬೀಗರು ತಂದ ಬಾಟಲಿ

ದುರ್ಗಮ್ಮನಿಗೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿ ಒಂಬತ್ತು ದಿನವಾಗಿತ್ತು. ಹತ್ತನೆಯ ದಿನ ಅಜ್ಜಂಪುರದಲ್ಲಿ ಅವಳ ತಮ್ಮನ ಮಗಳು ಭೂಮಿಕಾಳ ನಿಶ್ಚಿತಾರ್ಥ. ಕಡೂರಿನಿಂದ ಹೊರಟ ಬಸ್ಸಿನಲ್ಲಿ ಅವಳು ಗಂಡ ಧನಪಾಲನ ಕೈ ಹಿಡಿದು ಮಾತು ತೆಗೆದುಕೊಂಡಳು.

"ಯಾರಿಗೂ ಹೇಳ್ಬೇಡಿ ಕಣ್ರೀ. ಹೆಣ್ಣಿನ ಸೋದರತ್ತೆಗೇ ಸಕ್ಕರೆ ಐತೆ, ವಂಶದಲ್ಲೇ ಇರ್ಬೇಕು ಅಂತ ಗಂಡಿನೋರು ಹಿಂದೆ ಸರಿದ್ರೆ ತಮ್ಮನ ಮುಖ ಹೆಂಗೆ ನೋಡ್ಲಿ?"

"ಹೋಳಿಗೆ ಬಡಿಸ್ತಾರಲ್ಲ, ಏನ್ಮಾಡ್ತೀಯ?"

"ಅದನ್ನ ನೀವು ನೋಡ್ಕಳಿ," ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡದ್ದು ಅವನಿಗೆ ಕಾಣಿಸಿತು.

ಧನಪಾಲ ಪಂಚಾಯಿತಿ ಕಚೇರಿಯ ಗುಮಾಸ್ತ. ಇಷ್ಟು ವರ್ಷದ ನೌಕರಿಯಲ್ಲಿ ಒಂದು ಅರ್ಜಿಯನ್ನೂ ತಾನಾಗಿ ತೀರ್ಮಾನ ಮಾಡಿದವನಲ್ಲ. ಅಂಥವನಿಗೂ ಬೀರೂರು ದಾಟುವಷ್ಟರಲ್ಲಿ ಒಂದು ಉಪಾಯ ಹೊಳೆಯಿತು. ಭೂಮಿಕಾಳಿಗೂ ತನಗೂ ರಕ್ತಸಂಬಂಧವಿಲ್ಲ. ತನಗೆ ಯಾವ ರೋಗ ಬಂದರೂ ಈ ಮದುವೆಗೆ ಬಾಧಕವಿಲ್ಲ.

ತಾಂಬೂಲ ಬದಲಾಯಿಸುವುದು ಊಟದ ನಂತರ, ಮೂರು ಗಂಟೆಗೆ ಎಂದು ಗೊತ್ತಾಗಿತ್ತು. ಎಲೆ ಹಾಕಿದರು. ಎದುರು ಸಾಲಿನಲ್ಲಿ ಗಂಡಿನ ತಂದೆ ತರೀಕೆರೆಯ ರೇವಣಪ್ಪನವರು, ಪಕ್ಕದಲ್ಲಿ ಅವರ ಹೆಂಡತಿ ತೀರ್ಥಮ್ಮ. ದುರ್ಗಮ್ಮನ ತಮ್ಮ ಗುರುಮೂರ್ತಿ ತಾನೇ ಹೋಳಿಗೆ ತಟ್ಟೆ ಹಿಡಿದು ಬಂದ.

"ನಮಗಿಬ್ರಿಗೂ ಬ್ಯಾಡ ಕಣಪ್ಪ," ಧನಪಾಲ ಎಲೆಗೆ ಕೈ ಅಡ್ಡ ಹಿಡಿದ. "ನನಗೆ ಸಕ್ಕರೆ ಬಂದೈತೆ. ನಾನು ತಿನ್ನಲ್ಲ ಅಂತ ನಿಮ್ಮಕ್ಕನೂ ಸಿಹಿ ಬಿಟ್ಟವಳೆ."

ಪಂಕ್ತಿಯಲ್ಲಿದ್ದವರೆಲ್ಲ ಒಟ್ಟಿಗೇ ವೈದ್ಯರಾದರು. ಪಾಯಸ, ಅನ್ನ, ಆಲೂಗಡ್ಡೆ ಪಲ್ಯ ಎಲ್ಲವೂ ಅವನ ಎಲೆಯನ್ನು ದಾಟಿ ಮುಂದೆ ಹೋದವು. ಅವನ ಪಾಲಿಗೆ ಉಳಿದದ್ದು ಉಪ್ಪು ಮತ್ತು ಕೋಸಂಬರಿ.

ದುರ್ಗಮ್ಮನ ಎಲೆಯ ಕತೆಯೇ ಬೇರೆ.

"ಭಾವನ ಪಾಲಿಂದೂ ನೀನೇ ತಿನ್ಬೇಕು ಅಕ್ಕ. ನಿಂಗೇನಾಗೈತೆ, ಗುಂಡುಕಲ್ಲಿನಂಗಿದ್ದೀಯ," ಎಂದು ಗುರುಮೂರ್ತಿ ಎರಡು ಹೋಳಿಗೆ ಹಾಕಿ ತುಪ್ಪ ಸುರಿದ. "ಗಂಡಂಗೆ ಬಂದ್ರೆ ನೀನ್ಯಾಕಮ್ಮ ಬಾಯಿ ಕಟ್ಬೇಕು," ಎಂದು ಪಕ್ಕದವರೊಬ್ಬರು ಮೂರನೆಯದನ್ನೂ ಹಾಕಿಸಿದರು.

ಅಷ್ಟರಲ್ಲಿ ರೇವಣಪ್ಪನವರು ಚೀಲದಿಂದ ಒಂದು ಬಾಟಲಿ ತೆಗೆದು ಎದ್ದೇ ಬಂದರು. "ಬೀಗ್ರೇ, ನಂಗೂ ಎಂಟು ವರ್ಷದಿಂದ ಐತೆ. ಹಾಗಲಕಾಯಿ ರಸ, ಮನೇಲೇ ಅರೆದಿದ್ದು." ಗಂಡಿನ ಅಪ್ಪನಿಗೆ ಸಕ್ಕರೆ ಇದ್ದರೆ ನಮ್ಮಲ್ಲಿ ಯಾರೂ ವಂಶದ ಮಾತೆತ್ತುವುದಿಲ್ಲ ನೋಡಿ. ಬಾಟಲಿಯ ಮುಕ್ಕಾಲು ಪಾಲನ್ನು ಅವರು ಬಹಳ ಪ್ರೀತಿಯಿಂದ ಧನಪಾಲನ ಲೋಟಕ್ಕೆ ಬಗ್ಗಿಸಿದರು.

ಧನಪಾಲ ಉಸಿರು ಬಿಗಿಹಿಡಿದು ಕುಡಿದ. ಕಣ್ಣು ಮಾತ್ರ ಹೆಂಡತಿಯ ಎಲೆಯ ಮೇಲೆಯೇ ಇತ್ತು. ಅವಳನ್ನು ಕಾಪಾಡಲು ಹೋಗಿ ಮೂರು ಹೋಳಿಗೆಯ ಮುಂದೆ ಕೂರಿಸಿದ್ದೇನಲ್ಲ ಎಂದುಕೊಂಡ. ಹಸಿದ ಗಂಡ ಕಹಿ ನುಂಗುವುದನ್ನು ನೋಡಿ ಅವಳಿಗೂ ತಡೆಯಲಾಗಲಿಲ್ಲ.

"ಸಕ್ಕರೆ ಇರೋದು ಅವರಿಗಲ್ಲ," ಎಂದಳು. "ನಂಗೆ."

ಧನಪಾಲ ಒಳಮನೆಯ ಕಡೆ ನೋಡಿದ. ತಾಂಬೂಲದ ತಟ್ಟೆ ಇನ್ನೂ ಒಳಗೇ ಇತ್ತು.

"ನೋಡ್ರಪ್ಪಾ," ರೇವಣಪ್ಪನವರು ಪಂಕ್ತಿಯ ಕಡೆ ತಿರುಗಿದರು. "ಗಂಡನ ಕಾಯಿಲೇನೂ ತನ್ನ ಮೇಲೆ ಹಾಕ್ಕೊಂತಾಳೆ. ಇಂಥ ಮನೆತನದ ಹೆಣ್ಣು ತರೋಕೆ ನಾವು ಪುಣ್ಯ ಮಾಡಿರ್ಬೇಕು. ಗುರುಮೂರ್ತಿ, ತಾಯಿಗೆ ಇನ್ನೊಂದು ಹೋಳಿಗೆ ಹಾಕಿ."

ನಾಲ್ಕನೆಯದು ಬಿತ್ತು. ತೀರ್ಥಮ್ಮ ಎದ್ದು ಬಂದವರೇ "ಬನ್ನಿ, ಕೈ ತೊಳ್ಕಳಾಣ" ಎಂದು ನಾಲ್ಕೂ ಹೋಳಿಗೆ ಒಳಗಿರುವಂತೆಯೇ ದುರ್ಗಮ್ಮನ ಎಲೆ ಮಡಚಿಬಿಟ್ಟರು.

ಮೂರು ಗಂಟೆಗೆ ಸರಿಯಾಗಿ ತಾಂಬೂಲ ಬದಲಾಯಿತು.

ಸಂಜೆಯ ಬಸ್ಸಿನಲ್ಲಿ ಧನಪಾಲನ ತೊಡೆಯ ಮೇಲೆ ಬೀಗರು ಕೊಟ್ಟ ಎರಡನೆಯ ಬಾಟಲಿ ಇತ್ತು. ಹಿತ್ತಲಲ್ಲಿ ಬಳ್ಳಿ ಇದೆ, ದಿನಾ ಕಡೂರು ಬಸ್ಸಿಗೆ ಹಾಕಿ ಕಳಿಸುತ್ತೇನೆ ಎಂದು ಬೇರೆ ಹೇಳಿದ್ದರು.

"ತೀರ್ಥಮ್ಮೋರು ನನ್ನ ಹಿಡ್ಕೊಂಡು, ನಿಮಗೆ ಸಕ್ಕರೆ ಬಂದು ಎಷ್ಟು ದಿನ ಆಯ್ತು ಅಂದ್ರು," ಎಂದಳು ದುರ್ಗಮ್ಮ.

"ಅವರಿಗೆ ಹೆಂಗೆ ಗೊತ್ತಾಯ್ತು?"

"ಸಕ್ಕರೆ ಇರೋರು ತಮ್ಮ ಎಲೆ ನೋಡ್ಕೊಂತಾರೆ, ನಿಮ್ಮೆಜಮಾನ್ರು ನಿಮ್ಮ ಎಲೇನೇ ನೋಡ್ತಾ ಕೂತಿದ್ರು ಅಂದ್ರು." ಅವಳು ದನಿ ತಗ್ಗಿಸಿದಳು. "ಅವರ ಮನೇಲೂ ಸಕ್ಕರೆ ಇರೋದು ರೇವಣಪ್ಪೋರಿಗಲ್ವಂತೆ ಕಣ್ರೀ. ತೀರ್ಥಮ್ಮೋರಿಗಂತೆ. ಎಂಟು ವರ್ಷದ ಹಿಂದೆ ಅವರ ಅಣ್ಣನ ಮಗಳ ಮದುವೆ ಕೆಡಬಾರ್ದು ಅಂತ ರೇವಣಪ್ಪೋರು ನಂಗೇ ಬಂದೈತೆ ಅಂದ್ಬಿಟ್ರಂತೆ. ಆವತ್ತಿಂದ ಕುಡೀತಾನೇ ಅವ್ರೆ."

ಮುಕ್ಕಾಲು ಬಾಟಲಿ ಬಗ್ಗಿಸಿದ ಆ ಪ್ರೀತಿ ಧನಪಾಲನಿಗೆ ಈಗ ಅರ್ಥವಾಯಿತು.

"ಆ ಮದುವೆ ಆಗಿ ಎಂಟು ವರ್ಷ ಆಯ್ತಲ್ಲ. ಇನ್ನೂ ಯಾಕೆ ಕುಡೀತಾರೆ?"

"ಒಂದಾದ್ಮೇಲೆ ಒಂದು ಮದುವೆ ಬತ್ತಾನೇ ಅವೆಯಂತೆ."

ಧನಪಾಲ ಬೆರಳು ಮಡಿಸಿ ನೋಡಿದ. ಭೂಮಿಕಾಳ ನಂತರ ಗುರುಮೂರ್ತಿಗೆ ಇನ್ನೂ ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳು ಈಗ ನಾಲ್ಕನೇ ಕ್ಲಾಸು.

"ಬ್ಯಾಡ ಬಿಡ್ರೀ," ದುರ್ಗಮ್ಮ ಬಾಟಲಿಗೆ ಕೈ ಅಡ್ಡ ಇಟ್ಟಳು. "ಎಲ್ಲರಿಗೂ ನಿಜ ಹೇಳ್ಬಿಡಾಣ."

"ಹೇಳಿದ್ಯಲ್ಲ, ಯಾರು ನಂಬಿದ್ರು?" ಎಂದು ಧನಪಾಲ ಬಾಟಲಿಯ ಮುಚ್ಚಳ ತಿರುಗಿಸಿದ.